ಆಡಿದವರೇ ಒಗೆಯಲಿ

ಆಟದ ಅಂಗಿಯನ್ನು ಆಡಿ ಬಂದವರೇ ಒಗೆಯಬೇಕು. ತಾಯಿ ಒಗೆಯಬಾರದು, ತಂಗಿ ಒಗೆಯಬಾರದು, ಶಾಲೆಯ ಜವಾನನ ತಲೆಗೂ ಅದನ್ನು ಕಟ್ಟಬಾರದು. ಸೇವೆಯಲ್ಲಿದ್ದ ಕಾಲದಲ್ಲಿ ಈ ಮಾತನ್ನು ಸಿಬ್ಬಂದಿ ಕೊಠಡಿಯಲ್ಲಿ ಎತ್ತಿದಾಗಲೆಲ್ಲ ‘ಮೇಡಂ, ನಿಮ್ಮದು ವಿಜ್ಞಾನ, ಬಟ್ಟೆ ಒಗೆಯುವ ವಿಚಾರ ನಿಮಗೇಕೆ?’ ಎಂಬ ಪರಿಹಾಸ್ಯದ ಉತ್ತರ ದೊರೆಯುತ್ತಿತ್ತು. ಈಗ ಬಂಧುಗಳ ಮನೆಯಲ್ಲಿ ಅದೇ ಮಾತೆತ್ತಿದರೆ ‘ಅತ್ತೆ ರಿಟೈರ್ ಆದರೂ ಟೀಚರ್‌ಗಿರಿ ಬಿಟ್ಟಿಲ್ಲ’ ಎನ್ನುತ್ತಾರೆ. ಬಾಯಿಮಾತಿಗೆ ಬೆಲೆ ಸಿಗದಿದ್ದಾಗ ಬರೆಯುವುದೊಂದೇ ದಾರಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈಗ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ. ಆದಕಾರಣ ವಿಷಯ ಅವರಿಗೂ ಸಂಬಂಧಿಸಿದ್ದೇ.

ಮೊದಲು ಪದದ ವಿಚಾರ. ನಮ್ಮ ಮಲೆನಾಡಿನ ಊರುಗಳಲ್ಲಿ ಜರ್ಸಿ ಎಂದರೆ ಹಸು. ‘ಜರ್ಸಿ ತೊಳೆದಾಯಿತೇ?’ ಎಂದು ಕೇಳಿದರೆ ಕೊಟ್ಟಿಗೆಯ ಕಡೆಗೆ ನೋಡುವವರೇ ಹೆಚ್ಚು. ತಮಾಷೆಯೆಂದರೆ ಹಸುವಿಗೂ ಅಂಗಿಗೂ ಹೆಸರು ಬಂದದ್ದು ಒಂದೇ ಸ್ಥಳದಿಂದ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಿನಲ್ಲಿರುವ ಜರ್ಸಿ ಎಂಬ ಪುಟ್ಟ ದ್ವೀಪ ಉಣ್ಣೆಯ ಹೆಣಿಗೆಗೆ ಹೆಸರಾಗಿತ್ತು. ಅಲ್ಲಿಯ ಹಸುವಿನ ತಳಿ ನಮ್ಮ ಕೊಟ್ಟಿಗೆಗೆ ಬಂತು, ಅಲ್ಲಿಯ ಹೆಣೆದ ಅಂಗಿಯ ಹೆಸರು ನಮ್ಮ ಆಟದ ಮೈದಾನಕ್ಕೆ ಬಂತು. ಇಂದಿನ ಜರ್ಸಿಯಲ್ಲಿ ಉಣ್ಣೆಯ ಒಂದೆಳೆಯೂ ಇಲ್ಲ, ಪೂರ್ತಿ ಪಾಲಿಯೆಸ್ಟರ್. ಆದರೆ ಹೆಣಿಗೆ ಮಾತ್ರ ಹಾಗೆಯೇ ಉಳಿದಿದೆ. ನೇಯ್ದ ಬಟ್ಟೆಗೂ ಹೆಣೆದ ಬಟ್ಟೆಗೂ ವ್ಯತ್ಯಾಸವಿದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಕೊನೆಯ ಹನ್ನೊಂದು ವರ್ಷ ಕೆಲಸ ಮಾಡಿದ ಪ್ರೌಢಶಾಲೆಯಲ್ಲಿ ಕ್ರೀಡಾ ಕೊಠಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಅದರೊಳಗೆ ಒಂದು ಕಬ್ಬಿಣದ ಟ್ರಂಕು. ಟ್ರಂಕಿನೊಳಗೆ ಹನ್ನೆರಡು ಜರ್ಸಿಗಳ ಒಂದು ಸೆಟ್. ಕಬಡ್ಡಿಗೂ ಅದೇ, ಖೋ ಖೋಗೂ ಅದೇ, ವಾಲಿಬಾಲಿಗೂ ಅದೇ. ನಮ್ಮಲ್ಲಿ ವಲಯ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ, ಎಂದರೆ ಮಳೆ ಪೂರ್ತಿ ಹಿಂದೆಗೆಯದ ಕಾಲದಲ್ಲಿ. ಕೆಂಪು ಕೆಸರಿನಲ್ಲಿ ಉರುಳಿ, ಸೋತು ಅಥವಾ ಗೆದ್ದು ಟೆಂಪೋ ಹತ್ತಿದ ಹುಡುಗರು ಅಂಗಿಗಳನ್ನು ಕಳಚಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುರುಕುತ್ತಿದ್ದರು. ಆ ಚೀಲ ಟ್ರಂಕಿಗೆ ಹೋಗುತ್ತಿತ್ತು. ಮರುವರ್ಷ ಟ್ರಂಕು ತೆರೆದಾಗ ಏಳುತ್ತಿದ್ದ ಕಮಟು ವಾಸನೆಯನ್ನು ಬಣ್ಣಿಸುವ ಶಕ್ತಿ ನನಗಿಲ್ಲ; ಬೆನ್ನಿನ ಮೇಲೆಲ್ಲ ಬೂಷ್ಟಿನ ಕಪ್ಪು ಚುಕ್ಕೆ, ಅಂಕಿಗಳು ಒಂದಕ್ಕೊಂದು ಅಂಟಿಕೊಂಡು ಎಳೆದರೆ ಚಕ್ಕಳದಂತೆ ಏಳುತ್ತಿದ್ದವು.

ಇದಿಷ್ಟೇ ಆಗಿದ್ದರೆ ಸೋಮಾರಿತನವೆಂದು ಸುಮ್ಮನಿರಬಹುದಾಗಿತ್ತು. ಅದಕ್ಕೆ ಹುಡುಕಿದ ಪರಿಹಾರ ಎಂಥದೆಂದು ಕೇಳಿ. ಒಂಬತ್ತನೆಯ ತರಗತಿಯ ನಾಲ್ಕು ಹುಡುಗಿಯರನ್ನು ಕರೆದು ‘ಹೆಣ್ಣುಮಕ್ಕಳಾದರೆ ಚೆನ್ನಾಗಿ ಒಗೆಯುತ್ತೀರಿ’ ಎಂದು ಹೊಗಳಿ ಆ ಗಂಟನ್ನು ಅವರ ಕೈಗೆ ಕೊಡಲಾಯಿತು. ಆ ನಾಲ್ವರಲ್ಲಿ ಇಬ್ಬರು ಶಾಲೆಯ ಖೋ ಖೋ ತಂಡದವರು. ಮರುದಿನ ಅವರಿಗೂ ಅಭ್ಯಾಸವಿತ್ತು. ತಾವು ಧರಿಸದ, ತಾವು ಕೊಳೆ ಮಾಡದ ಹನ್ನೆರಡು ಅಂಗಿಗಳನ್ನು ಅವರು ಬೋರ್‌ವೆಲ್ ಪಂಪಿನ ಬಳಿ ಕುಳಿತು ಒಗೆದರು. ಹುಡುಗರು ಪಕ್ಕದಲ್ಲೇ ಚೆಂಡಾಡುತ್ತಿದ್ದರು. ನಾನು ಮುಖ್ಯೋಪಾಧ್ಯಾಯರಲ್ಲಿ ಆಕ್ಷೇಪವೆತ್ತಿದಾಗ ‘ಇದರಲ್ಲೇನು ಅನ್ಯಾಯ, ಪ್ರೀತಿಯಿಂದ ಮಾಡಿದ್ದಾರೆ’ ಎಂಬ ಉತ್ತರ ಬಂತು. ಪ್ರೀತಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಂದ ಮಾಡಿಸಿಕೊಳ್ಳುವ ಕೆಲಸಗಳ ಪಟ್ಟಿ ಬಹಳ ಉದ್ದವಾಗಿದೆ. ಅದರಲ್ಲಿ ಇದೂ ಒಂದು.

ಮನೆಗಳ ಸ್ಥಿತಿ ಶಾಲೆಗಿಂತ ಬೇರೆಯಲ್ಲ. ನಮ್ಮ ಬಂಧುವರ್ಗದಲ್ಲೇ ಒಂದು ಮನೆ. ಹೆಸರು ಬೇಡ, ಓದುತ್ತಿರುವವರಿಗೆ ತಿಳಿಯುತ್ತದೆ. ಮಗಳು ಬ್ಯಾಡ್ಮಿಂಟನ್ ಆಡುತ್ತಾಳೆ, ಮಗ ಕ್ರಿಕೆಟ್ ಕೋಚಿಂಗಿಗೆ ಹೋಗುತ್ತಾನೆ. ಇಬ್ಬರೂ ಒಂದೇ ಸಂಜೆ ಬೆವತು ಬಂದರು. ಸ್ನಾನಕ್ಕೆ ಹೋದ ಮಗಳು ತನ್ನ ಅಂಗಿಯನ್ನು ಒಗೆದು ಹರವಿಯೇ ಹೊರಬಂದಳು. ಮಗನ ಅಂಗಿ ಮುದ್ದೆಯಾಗಿ ಸೋಫಾದ ಮೂಲೆಯಲ್ಲಿ ರಾತ್ರಿ ಒಂಬತ್ತರವರೆಗೆ ಬಿದ್ದಿತ್ತು. ‘ಅವನದು?’ ಎಂದೆ. ‘ಅವನಿಗೆ ನಾಳೆ ಮ್ಯಾಚಿದೆ ಅತ್ತೆ, ಸುಸ್ತಾಗಿದ್ದಾನೆ, ನಾನೇ ಹಾಕಿಬಿಡುತ್ತೇನೆ’ ಎಂದಳು ಅವರ ತಾಯಿ. ಆಕೆಯೂ ಬ್ಯಾಂಕಿನಲ್ಲಿ ದಿನವಿಡೀ ದುಡಿದು ಬಂದವಳೇ. ಮಗಳಿಗೂ ಆ ವಾರ ಪಂದ್ಯವಿತ್ತು. ಸುಸ್ತು ಎಂಬುದು ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಆಗುತ್ತದೆ.

ಇದು ಒಂದು ಮನೆಯ ಕತೆಯಲ್ಲ ಎಂಬುದಕ್ಕೆ ಸರ್ಕಾರದ ಲೆಕ್ಕವೇ ಇದೆ. ಕೇಂದ್ರ ಸಾಂಖ್ಯಿಕ ಇಲಾಖೆಯವರು 2019ರಲ್ಲಿ ದೇಶದಾದ್ಯಂತ ಜನರು ದಿನದ ಸಮಯವನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ವ್ಯಯಿಸುತ್ತಿದ್ದರು. ಅಂಥ ಕೆಲಸ ಮಾಡುವ ಗಂಡಸರು, ಅವರೇ ಕಡಿಮೆ, 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರ ಪಾಲು 289 ನಿಮಿಷಕ್ಕೆ ಇಳಿಯಿತು. ಐದು ವರ್ಷಕ್ಕೆ ಹತ್ತು ನಿಮಿಷ! ಗಂಡಸರ ಪಾಲು ಏರಿತೇ ಎಂದು ಕೇಳಿದರೆ, ಇಲ್ಲ, ಅದೂ 88ಕ್ಕೆ ಇಳಿಯಿತು. ಒಂದು ಜರ್ಸಿಯನ್ನು ಒಗೆದು ಹರವಲು ಹತ್ತು ನಿಮಿಷ ಸಾಕು. ಲೆಕ್ಕ ನೀವೇ ಹಾಕಿಕೊಳ್ಳಿ.

ನ್ಯಾಯದ ಮಾತು ಒಪ್ಪದವರಿಗೆ ಬಟ್ಟೆಯ ಮಾತಿನಿಂದಲೇ ಒಪ್ಪಿಸುತ್ತೇನೆ. ಜರ್ಸಿಯ ಗುಣವೇ ಹಾಗಿದೆ: ಆಟ ಮುಗಿದ ಮೊದಲ ಒಂದೆರಡು ಗಂಟೆಗಳಲ್ಲಿ ಅದಕ್ಕೆ ಏನು ಮಾಡುತ್ತೇವೆ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ. ಆ ಹೊತ್ತಿನಲ್ಲಿ ಅಂಗಿಯ ಜೊತೆಗಿರುವವನು ಆಟಗಾರನೊಬ್ಬನೇ.

ಪಾಲಿಯೆಸ್ಟರ್ ಎಂಬ ಈ ನೂಲನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಸಿದ್ಧಪಡಿಸಿದರು. ನೀರಿನ ಬಾಟಲಿ ಯಾವ ವಸ್ತುವೋ ಜರ್ಸಿಯೂ ಅದೇ ವಸ್ತು. 2015ರ ವಿಶ್ವಕಪ್ಪಿಗೆಂದು ನಮ್ಮ ಕ್ರಿಕೆಟ್ ತಂಡಕ್ಕೆ ಹಳೆಯ ಬಾಟಲಿಗಳನ್ನು ಕರಗಿಸಿ ತೆಗೆದ ನೂಲಿನಿಂದಲೇ ಉಡುಪು ಸಿದ್ಧಪಡಿಸಿದ್ದರು. ಹತ್ತಿಯ ನೂಲು ಒಣಗಿದಂತೆ ಕಂಡಾಗಲೂ ತನ್ನ ತೂಕದ ಏಳೆಂಟು ಪಾಲು ನೂರಕ್ಕೆ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ; ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹಿಡಿಯದು. ಬೆವರು ಬೇಗ ಆರುವುದು ಇದರಿಂದಲೇ. ಆದರೆ ನೀರನ್ನು ದೂರವಿಡುವ ಈ ನೂಲಿಗೆ ಎಣ್ಣೆಯೆಂದರೆ ಬಲು ಪ್ರೀತಿ. ಮೈಯ ಜಿಡ್ಡೆಲ್ಲ ಅದಕ್ಕೆ ಹತ್ತಿಕೊಳ್ಳುತ್ತದೆ, ಆ ಜಿಡ್ಡಿನ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬೆವರಿಗೆ ಸ್ವತಃ ಅಂಥ ದುರ್ವಾಸನೆಯಿಲ್ಲ, ವಾಸನೆ ಈ ಜೀವಿಗಳ ಕೊಡುಗೆ. ಬೆಲ್ಜಿಯಮಿನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 26 ಜನರನ್ನು ವ್ಯಾಯಾಮದ ಸೈಕಲ್ ತುಳಿಸಿ, ಅವರ ಅಂಗಿಗಳನ್ನು ಒಂದು ದಿನ ಹಾಗೆಯೇ ಇಟ್ಟು ಮೂಸಿ ನೋಡಿದರು. (ಮೂಸಿದವರ ಪುಣ್ಯಕ್ಕೆ ನನ್ನ ನಮಸ್ಕಾರ.) ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಗಳೇ ಹೆಚ್ಚು ನಾರುತ್ತಿದ್ದವು, ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾ ಅವುಗಳ ಮೇಲೆ ಹುಲುಸಾಗಿ ಬೆಳೆದಿತ್ತು.

ಗಮನಿಸಿ, ಅವರು ಇಟ್ಟದ್ದು ಒಂದು ದಿನ. ನಮ್ಮ ಟ್ರಂಕಿನಲ್ಲಿ ಇದ್ದದ್ದು ಒಂದು ವರ್ಷ. ಸೋಫಾದ ಮೂಲೆಯಿಂದ ಬೆಳಿಗ್ಗೆ ಕೆಲಸದ ನಡುವೆ ತಾಯಿ ಎತ್ತಿಕೊಳ್ಳುವ ಹೊತ್ತಿಗೆ ಹನ್ನೆರಡು ಗಂಟೆ ಕಳೆದಿರುತ್ತದೆ. ಆಮೇಲೆ ಎಷ್ಟು ಪುಡಿ ಸುರಿದರೂ ವಾಸನೆ ಹೋಗಲಿಲ್ಲವೆಂದರೆ ಅದು ಆಕೆಯ ತಪ್ಪಲ್ಲ.

ಇನ್ನೊಂದು ಸಂಗತಿ. ಅಂಗಿಗೆ ಏನು ತಗುಲಿದೆ ಎಂಬುದು ಆಡಿದವನಿಗಲ್ಲದೆ ಬೇರೆಯವರಿಗೆ ತಿಳಿಯದು. ಮೊಣಕೈ ತರಚಿ ರಕ್ತ ಹತ್ತಿದ್ದರೆ ತಣ್ಣೀರೇ ಬೇಕು. ಬಿಸಿನೀರು ಬಿದ್ದರೆ ರಕ್ತದ ಪ್ರೋಟೀನು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ ಕಲೆ ನಿಂತುಬಿಡುತ್ತದೆ. ಕೆಸರಾದರೆ ಹಸಿಯಿದ್ದಾಗ ಉಜ್ಜಬಾರದು; ಒಣಗಲು ಬಿಟ್ಟು, ಕೊಡವಿ, ಆಮೇಲೆ ನೆನೆಸಬೇಕು. ನಮ್ಮ ಕೆಂಪು ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನದು. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕುವವರು ತುಕ್ಕನ್ನು ಇನ್ನಷ್ಟು ಭದ್ರಪಡಿಸುತ್ತಾರೆ, ಜೊತೆಗೆ ಅಂಗಿಯಲ್ಲಿ ಹಿಗ್ಗುವ ನೂಲಿದ್ದರೆ ಅದನ್ನೂ ಕೊಲ್ಲುತ್ತಾರೆ. ಗಾಯಕ್ಕೆ ಅರಿಸಿನ ಮೆತ್ತಿಕೊಂಡದ್ದು ಅಂಗಿಗೆ ಹತ್ತಿದ್ದರೆ ಸೋಪು ಸೋಕಿದ ಕೂಡಲೆ ಕೆಂಪಾಗುತ್ತದೆ. ರಕ್ತವೆಂದು ಗಾಬರಿಯಾಗಬೇಡಿ, ಅರಿಸಿನ ಒಂದು ಸೂಚಕ, ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ ಎಂದು ನಾನೇ ಪ್ರಯೋಗ ಮಾಡಿ ತೋರಿಸಿದ್ದು ಹಲವರಿಗೆ ನೆನಪಿರಬಹುದು. ಜರ್ಸಿಯನ್ನು ನೆರಳಲ್ಲಿ ಒಣಗಿಸಬೇಕೆಂಬ ನಿಯಮಕ್ಕೆ ಅರಿಸಿನದ ಕಲೆಯೊಂದೇ ಅಪವಾದ. ಅದು ಬಿಸಿಲಿಗೆ ತಾನಾಗಿ ಮಾಸುತ್ತದೆ. ಈಗ ಹೇಳಿ, ಯಾವ ಕಲೆ ರಕ್ತ, ಯಾವುದು ಕೆಸರು, ಯಾವುದು ಅರಿಸಿನ ಎಂಬುದು ಅಡುಗೆಮನೆಯಲ್ಲಿದ್ದ ತಾಯಿಗೆ ಹೇಗೆ ತಿಳಿಯಬೇಕು? ಆಕೆ ಎಲ್ಲವನ್ನೂ ಒಟ್ಟಿಗೆ ಬಕೆಟಿಗೆ ಹಾಕುತ್ತಾಳೆ. ಅಂಗಿ ಹಾಳಾದರೆ ‘ಅಮ್ಮ ಹಾಳುಮಾಡಿದಳು’ ಎಂಬ ಮಾತು ಬೇರೆ.

ಒಗೆಯುವ ವಿಧಾನ ಕಷ್ಟದ್ದಲ್ಲ, ಎಂಟನೆಯ ತರಗತಿಯ ಹುಡುಗನಿಗೆ ಎಟುಕುವಂಥದೇ. ಅಂಗಿಯ ಒಳಮೈಯನ್ನು ಹೊರಗೆ ಮಾಡಬೇಕು, ಏಕೆಂದರೆ ಜಿಡ್ಡಿರುವುದು ಒಳಗೆ, ಅಚ್ಚಿರುವುದು ಹೊರಗೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪವೇ ಡಿಟರ್ಜೆಂಟ್ ಕರಗಿಸಿ ಅರ್ಧ ಗಂಟೆ ನೆನೆಸಿ, ಕಂಕುಳು ಮತ್ತು ಕತ್ತುಪಟ್ಟಿಯ ಭಾಗವನ್ನು ಕೈಯಿಂದ ಹಿಸುಕಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಹೆಚ್ಚು ಪುಡಿ ಹಾಕಿದರೆ ಹೆಚ್ಚು ಶುದ್ಧಿ ಎಂಬುದು ಭ್ರಮೆ. ಹೋಗದೆ ಉಳಿದ ಪುಡಿಯೇ ಮುಂದಿನ ಜಿಡ್ಡಿಗೆ ಅಂಟಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ಬಳಸಿದರೆ ಬಿಳಿಯ ಗಸಿ ಕೂರುತ್ತದೆ, ಅಲ್ಲಿ ಡಿಟರ್ಜೆಂಟೇ ಸರಿ. ಸುವಾಸನೆಗೆಂದು ಕೊನೆಯಲ್ಲಿ ಹಾಕುವ ಫ್ಯಾಬ್ರಿಕ್ ಕಂಡೀಷನರ್ ಈ ಅಂಗಿಗೆ ಬೇಡವೇ ಬೇಡ. ಅದು ನೂಲಿನ ಮೇಲೆ ಒಂದು ಮೇಣದ ಪದರ ಎಳೆಯುತ್ತದೆ, ಬೆವರನ್ನು ಹೊರಕ್ಕೆ ಸಾಗಿಸುವ ಗುಣವನ್ನೇ ಮುಚ್ಚುತ್ತದೆ. ಹಿಂಡಿ ತಿರುಚದೆ, ಹಳೆಯ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಗಾಳಿಗೆ ಹರವಿದರೆ ಮುಗಿಯಿತು.

ನಮ್ಮ ಕಡೆಯ ಎರಡು ಅಭ್ಯಾಸಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಮೊದಲನೆಯದು ಒಗೆಯುವ ಕಲ್ಲು. ನೇಯ್ದ ಹತ್ತಿಯ ಪಂಚೆ ಕಲ್ಲಿನ ಪೆಟ್ಟನ್ನು ತಡೆದುಕೊಳ್ಳುತ್ತದೆ. ಹೆಣೆದ ಜರ್ಸಿಯ ಒಂದು ಕುಣಿಕೆ ಕಲ್ಲಿನ ತರಿಗೆ ಸಿಕ್ಕಿದರೆ ಉದ್ದಕ್ಕೂ ಎಳೆ ಜಗ್ಗಿಕೊಳ್ಳುತ್ತದೆ. ಬಡಿಯುವುದು, ಬಿರುಸು ಬ್ರಷ್ಷಿನಿಂದ ತಿಕ್ಕುವುದು ಎರಡೂ ಸಲ್ಲದು. ಎರಡನೆಯದು ಬಚ್ಚಲ ಒಲೆ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲ್ಗಡೆ ಗಳು ಕಟ್ಟಿ ಬಟ್ಟೆ ಹಾಕುವುದುಂಟು, ಹಂಡೆಯ ಕುದಿನೀರನ್ನು ಬಕೆಟಿಗೆ ಮೊಗೆದು ಬಟ್ಟೆ ನೆನೆಸುವುದೂ ಉಂಟು. ಪಾಲಿಯೆಸ್ಟರ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗತೊಡಗುತ್ತದೆ. ಆಗ ಬಿದ್ದ ಸುಕ್ಕು ಖಾಯಂ. ಬೆನ್ನಿನ ಹೆಸರು, ಅಂಕಿಗಳನ್ನು ಬಿಸಿಯಿಂದಲೇ ಅಂಟಿಸಿರುತ್ತಾರೆ, ಬಿಸಿಯಿಂದಲೇ ಅವು ಬಿಡುತ್ತವೆ. ಒಂದು ಕಿಡಿ ಹಾರಿದರೆ ಹತ್ತಿಗೆ ಸುಟ್ಟ ಕಲೆಯಾದೀತು, ಇದಕ್ಕೆ ಕರಗಿದ ತೂತೇ. ಇಸ್ತ್ರಿಯನ್ನಂತೂ ಅಂಕಿಯ ಮೇಲೆ ಇಡಲೇಬಾರದು. ನಮ್ಮ ಶಾಲೆಯ 7ನೆಯ ನಂಬರಿನ ಅಂಗಿ ಯಾವುದೋ ಮನೆಯಿಂದ 1 ಆಗಿ ಮರಳಿ ಬಂದಿತ್ತು.

ಇಷ್ಟು ಹೇಳಿದ ಮೇಲೂ ಬರುವ ಆಕ್ಷೇಪಗಳು ನನಗೆ ಗೊತ್ತು. ‘ವಾಷಿಂಗ್ ಮೆಷಿನ್ ಇದೆಯಲ್ಲ, ಒಗೆಯುವವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ’ ಎನ್ನುತ್ತಾರೆ. ಸಂತೋಷ. ಹಾಗಾದರೆ ಅಂಗಿಯನ್ನು ಸೋಫಾದಿಂದ ಎತ್ತಿ ಮೆಷಿನ್ನಿಗೆ ಹಾಕುವವರು ಯಾರು? ಜೀನ್ಸ್ ಪ್ಯಾಂಟಿನ ಜಿಪ್ಪಿಗೂ ಮಂಡಿಪಟ್ಟಿಯ ವೆಲ್ಕ್ರೋಗೂ ಸಿಕ್ಕದಂತೆ ಅದನ್ನು ಬೇರ್ಪಡಿಸುವವರು, ಸೌಮ್ಯ ಸುತ್ತಿಗೆ ಗುಂಡಿ ತಿರುಗಿಸುವವರು, ಮುಗಿದ ಕೂಡಲೆ ತೆಗೆದು ಹರವುವವರು, ಮಡಿಚಿ ಅಲಮಾರಿನಲ್ಲಿ ಇಡುವವರು ಯಾರು? ಮೆಷಿನ್ ನೀರನ್ನು ಕಲಕುತ್ತದೆ, ಅಷ್ಟೇ. ಜೊತೆಗೆ ಇನ್ನೊಂದು ವಿಚಾರ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿದಂತೆ ಆರು ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ಮೆಷಿನ್ನಿನಲ್ಲಿ ಒಂದು ಸಲ ಒಗೆದರೆ ಸುಮಾರು ಐದು ಲಕ್ಷ ಸೂಕ್ಷ್ಮ ಎಳೆಗಳು ನೀರಿಗೆ ಸೇರಬಲ್ಲವು. ಒಂದೇ ಅಂಗಿಗಾಗಿ ಮೆಷಿನ್ ತಿರುಗಿಸುವವರು ಇದನ್ನೂ ಯೋಚಿಸಲಿ.

‘ಅವನಿಗೆ ಬರುವುದಿಲ್ಲ’ ಎಂಬ ಮಾತಿಗೆ ನಾನು ಉತ್ತರಿಸುವುದಿಲ್ಲ. ಗೂಗ್ಲಿ ಎಸೆಯಲು ಕಲಿತವನಿಗೆ ಅಂಗಿ ಜಾಲಿಸಲು ಬಾರದೇ?

‘ನಮ್ಮ ಮನೆತನದಲ್ಲಿ ಗಂಡಸರು ಬಟ್ಟೆ ಒಗೆಯುವ ಪದ್ಧತಿಯಿಲ್ಲ’ ಎಂದವರೂ ಇದ್ದಾರೆ. ಈ ಮಾತಿನ ಅಡಿಯಲ್ಲಿ ಇರುವುದು ಗಂಡು ಹೆಣ್ಣಿನ ಲೆಕ್ಕವೊಂದೇ ಅಲ್ಲ, ಜಾತಿಯ ಲೆಕ್ಕವೂ ಹೌದು. ಕೊಳೆ ತೆಗೆಯುವವರು ಕೀಳು, ಕೊಳೆ ಮಾಡುವವರು ಮೇಲು ಎಂಬ ಲೆಕ್ಕ. ಹನ್ನೆರಡನೆಯ ಶತಮಾನದಲ್ಲೇ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವ ಕಾಯಕದಲ್ಲಿದ್ದುಕೊಂಡೇ ಶರಣರ ನಡುವೆ ತಲೆಯೆತ್ತಿ ನಿಂತ ನಾಡು ಇದು. ದಕ್ಷಿಣ ಆಫ್ರಿಕದಲ್ಲಿ ಬ್ಯಾರಿಸ್ಟರ್ ಆಗಿದ್ದ ಗಾಂಧೀಜಿ ಅಗಸನ ಖರ್ಚು ಹೆಚ್ಚಾಯಿತೆಂದು ತಾವೇ ಒಗೆಯಲು ಕಲಿತರು. ಮೊದಲ ದಿನ ತಾವೇ ಒಗೆದು ಗಂಜಿ ಹಾಕಿದ ಕಾಲರ್ ಧರಿಸಿ ಕೋರ್ಟಿಗೆ ಹೋದಾಗ ಗಂಜಿ ಉದುರುತ್ತಿದ್ದುದನ್ನು ಕಂಡು ಉಳಿದ ವಕೀಲರು ನಕ್ಕರೆಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅವರಿಗೆ ಅದರಿಂದ ಕಿಂಚಿತ್ತೂ ನಾಚಿಕೆಯಾಗಲಿಲ್ಲ. ನಮ್ಮ ಹುಡುಗನ ಮರ್ಯಾದೆ ಗಾಂಧೀಜಿಯ ಮರ್ಯಾದೆಗಿಂತ ದೊಡ್ಡದೇ?

ಇನ್ನು ಕೋಚಿಂಗ್ ನಡೆಸುವವರ ವಾದ: ಆಟಗಾರ ಆಟದ ಮೇಲಷ್ಟೇ ಮನಸ್ಸಿಡಬೇಕು, ಇತರ ಕೆಲಸಗಳು ಏಕಾಗ್ರತೆಗೆ ಭಂಗ. 2018ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಜಪಾನ್ ತಂಡ ಬೆಲ್ಜಿಯಮ್ ಎದುರು ಎರಡು ಗೋಲು ಮುಂದಿದ್ದೂ ಕೊನೆಯ ಗಳಿಗೆಯಲ್ಲಿ 3-2ರಿಂದ ಸೋತು ಹೊರಬಿತ್ತು. ಅಂಥ ಸೋಲಿನ ರಾತ್ರಿಯೂ ಅವರು ತಮ್ಮ ಕೊಠಡಿಯನ್ನು ಚೊಕ್ಕಟವಾಗಿಸಿ, ರಷ್ಯನ್ ಭಾಷೆಯಲ್ಲಿ ಧನ್ಯವಾದದ ಚೀಟಿ ಬರೆದಿಟ್ಟು ಹೋಗಿದ್ದರು. ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ರಗ್ಬಿ ತಂಡದಲ್ಲಿ ಪಂದ್ಯ ಮುಗಿದ ಮೇಲೆ ಹಿರಿಯ ಆಟಗಾರರೇ ಪೊರಕೆ ಹಿಡಿದು ಕೊಠಡಿ ಗುಡಿಸುವ ಸಂಪ್ರದಾಯವಿದೆ. ಅವರ ಏಕಾಗ್ರತೆಗೆ ಭಂಗ ಬಂದಂತೆ ಕಾಣುವುದಿಲ್ಲ. ತಾಲ್ಲೂಕು ಮಟ್ಟ ದಾಟದ ನಮ್ಮ ಹುಡುಗರ ಏಕಾಗ್ರತೆ ಮಾತ್ರ ಒಂದು ಬಕೆಟ್ ನೀರಿಗೆ ಕದಡಿಹೋಗುತ್ತದೆ!

ಆಡದವರ ಜರ್ಸಿಯ ವಿಚಾರವನ್ನೂ ಸೇರಿಸಿಬಿಡುತ್ತೇನೆ. 2025ರಲ್ಲಿ ಆರ್‌ಸಿಬಿ ಗೆದ್ದಂದಿನಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಲವತ್ತು ದಾಟಿದವರೂ ಬೆನ್ನ ಮೇಲೆ 18 ಎಂದು ಬರೆದ ಅಂಗಿ ತೊಟ್ಟು ಫೋಟೋ ಕಳಿಸುತ್ತಿದ್ದಾರೆ. ನೋಡಲು ಸಂತೋಷವೇ. ಕುರ್ಚಿಯ ಮೇಲೆ ಕುಳಿತು ಬೆವತದ್ದೂ ಬೆವರೇ ಆದ್ದರಿಂದ ನಿಯಮ ನಿಮಗೂ ಅನ್ವಯಿಸುತ್ತದೆ. ಅಂಗಿಯ ಒಳಗಡೆ ಪಕ್ಕದ ಹೊಲಿಗೆಯಲ್ಲಿ ಒಂದು ಚೀಟಿಯಿರುತ್ತದೆ. ಕತ್ತರಿಸಿ ಎಸೆಯುವ ಮುನ್ನ ಓದಿ. ಅದರಲ್ಲಿ ಐದು ಚಿತ್ರಗಳು: ಬೋಗುಣಿಯೆಂದರೆ ಒಗೆತ, ಒಳಗಿನ ಅಂಕಿ ನೀರಿನ ಶಾಖ, ತ್ರಿಕೋನ ಬ್ಲೀಚು, ಚೌಕ ಒಣಗಿಸುವುದು, ಇಸ್ತ್ರಿಪೆಟ್ಟಿಗೆ ಇಸ್ತ್ರಿ, ವೃತ್ತ ಡ್ರೈಕ್ಲೀನಿಂಗ್. ಮೇಲೆ ಅಡ್ಡಗೆರೆಯಿದ್ದರೆ ಕೂಡದು ಎಂದರ್ಥ. ಸರ್ಕೀಟಿನ ಚಿಹ್ನೆಗಳನ್ನೆಲ್ಲ ಬಾಯಿಪಾಠ ಮಾಡಿದ ನಿಮಗೆ ಇದು ಎಷ್ಟರದು?

ಕೊನೆಯದಾಗಿ ಒಂದು ಕೋರಿಕೆ. ಈ ವರ್ಷ ಶಾಲೆಯ ತಂಡಗಳಿಗೆ ಹೊಸ ಜರ್ಸಿ ಕೊಡಿಸಬೇಕೆಂದು ನಿಮ್ಮಲ್ಲಿ ಕೆಲವರು ಹಣ ಸೇರಿಸುತ್ತಿರುವುದು ನನಗೆ ತಿಳಿದಿದೆ. ಕೊಡಿ, ಆದರೆ ಒಂದು ಸೆಟ್ ಅಲ್ಲ, ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ ಎರಡು ಸೆಟ್ ಕೊಡಿ. ಪ್ರತಿ ಅಂಗಿಯನ್ನೂ ತೊಟ್ಟವರ ಹೆಸರಿಗೆ ರಿಜಿಸ್ಟರಿನಲ್ಲಿ ಬರೆದು ಕೊಡಬೇಕು, ಒಗೆದು ಒಣಗಿಸಿ ತಂದವರ ಹೆಸರಿನ ಮುಂದೆ ಮಾತ್ರ ದೈಹಿಕ ಶಿಕ್ಷಕರು ಸಹಿ ಹಾಕಬೇಕು ಎಂಬ ಷರತ್ತನ್ನು ಮುಖ್ಯೋಪಾಧ್ಯಾಯರಿಂದ ಒಪ್ಪಿಸಿಕೊಂಡೇ ಕೊಡಿ. ಸೆಟ್ಟಿನ ಜೊತೆಗೆ ನಾಲ್ಕು ಬಕೆಟ್, ಕಾರಿಡಾರಿನಲ್ಲಿ ಕಟ್ಟಲು ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ಎರಡು ಡಜನ್ ಕ್ಲಿಪ್ಪು. ಟ್ರಂಕಿನ ಬದಲು ಗಾಳಿಯಾಡುವ ಒಂದು ಬಟ್ಟೆಯ ಚೀಲ ಸಾಕು, ಅದನ್ನು ನಾನೇ ಹೊಲಿದು ಕೊಡುತ್ತೇನೆ. ಬ್ರಷ್ ಮಾತ್ರ ಕೊಡಬೇಡಿ.